ತಯಾರಕರ ತಡೆಗಳ ನಡುವೆ ಸ್ವಂತ ರಿಪೇರಿ: ಮೊಬೈಲ್, ಲ್ಯಾಪ್‌ಟಾಪ್ ಬಿಚ್ಚುವವರಿಗೆ ಸಮಗ್ರ ಮಾರ್ಗದರ್ಶಿ

ಮೂರು ವರ್ಷ ಬಳಸಿದ ಮೊಬೈಲು ಮಧ್ಯಾಹ್ನದ ಹೊತ್ತಿಗೇ ಚಾರ್ಜ್ ಕಳೆದುಕೊಳ್ಳತೊಡಗಿದರೆ ಸಾಮಾನ್ಯವಾಗಿ ಸವೆದಿರುವುದು ಅದರ ಬ್ಯಾಟರಿ ಮಾತ್ರ. ಪರದೆ, ಕ್ಯಾಮೆರಾ, ಮದರ್‌ಬೋರ್ಡು (ಎಲ್ಲ ಭಾಗಗಳು ಸೇರುವ ಮುಖ್ಯ ಸರ್ಕ್ಯೂಟ್ ಹಲಗೆ) ಎಲ್ಲವೂ ಇನ್ನೂ ಹಲವು ವರ್ಷ ಬಾಳುವ ಸ್ಥಿತಿಯಲ್ಲೇ ಇರುತ್ತವೆ. ಹಿಂದೆ ಇಂಥ ಮೊಬೈಲಿನ ಹಿಂಬದಿ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಿದರೆ ಕೆಲಸ ಮುಗಿಯುತ್ತಿತ್ತು. ಈಗ ಅದೇ ಕೆಲಸಕ್ಕೆ ಅಂಟನ್ನು ಮೆದುಗೊಳಿಸಬೇಕು, ಸಾಮಾನ್ಯ ಸ್ಕ್ರೂ ಡ್ರೈವರಿಗೆ ಬಗ್ಗದ ಸ್ಕ್ರೂಗಳನ್ನು ಬಿಚ್ಚಬೇಕು, ಎಲ್ಲವೂ ಸರಿಯಾಗಿ ಮುಗಿದ ಮೇಲೂ ಹೊಸ ಬ್ಯಾಟರಿ ಅಸಲಿಯೋ ಅಲ್ಲವೋ ತಿಳಿಯುತ್ತಿಲ್ಲ ಎಂಬ ಸಂದೇಶವನ್ನು ಪರದೆಯ ಮೇಲೆ ಓದಬೇಕು.

ಹಲವು ವರ್ಷಗಳಿಂದ ನನ್ನ ಮತ್ತು ಮನೆಯವರ ಸಾಧನಗಳನ್ನು ನಾನೇ ಬಿಚ್ಚಿ ಸರಿಪಡಿಸುತ್ತ ಬಂದಿದ್ದೇನೆ. ತಯಾರಕರು ಯಾವ ತಡೆಯನ್ನು ಎಲ್ಲಿಟ್ಟಿದ್ದಾರೆಂದು ಮೊದಲೇ ತಿಳಿಯದೆ ಕೈಹಾಕಿದ್ದರಿಂದಲೇ ನನ್ನ ಹೆಚ್ಚಿನ ರಿಪೇರಿಗಳು ಕೆಟ್ಟಿವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬಿಚ್ಚುವ ಕೆಲಸದಷ್ಟೇ ಬಿಚ್ಚುವ ಮುಂಚಿನ ಕೆಲಸಕ್ಕೂ ಜಾಗ ಕೊಟ್ಟಿದ್ದೇನೆ.

ಹಂತ 1: ತಡೆ ಯಾವ ಬಗೆಯದೆಂದು ಗುರುತಿಸಿ

ಕಣ್ಣಿಗೆ ಕಾಣುವ ತಡೆಯೆಂದರೆ ಸ್ಕ್ರೂ. ಆಪಲ್ ಕಂಪನಿ 2009ರಲ್ಲಿ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪಿನ ಬ್ಯಾಟರಿಗೆ, ಆಮೇಲೆ ಐಫೋನ್ 4ರ ತಳಕ್ಕೆ ಐದು ಎಸಳಿನ ಪೆಂಟಾಲೋಬ್ ಸ್ಕ್ರೂ ಹಾಕಿತು. ನಿಂಟೆಂಡೊ ಆಟದ ಸಾಧನಗಳಲ್ಲಿ ಮೂರು ರೆಕ್ಕೆಯ ಟ್ರೈವಿಂಗ್ ಸ್ಕ್ರೂಗಳಿರುತ್ತವೆ. ಇವು ಇರುವ ತಡೆಗಳಲ್ಲೆಲ್ಲ ಸುಲಭವಾದವು, ಏಕೆಂದರೆ ಸರಿಯಾದ ಬಿಟ್ (ಸ್ಕ್ರೂ ಡ್ರೈವರಿಗೆ ಸಿಕ್ಕಿಸುವ ತುದಿ) ಇರುವ ಸೆಟ್ ಒಂದನ್ನು ಕೊಂಡರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು ಅಂಟು. ಪರದೆ, ಹಿಂಬದಿಯ ಗಾಜು, ಬ್ಯಾಟರಿ ಎಲ್ಲವನ್ನೂ ಅಂಟಿಸುವುದಕ್ಕೆ ನೀರು ಒಳಹೋಗದಿರಲಿ ಎಂಬ ನ್ಯಾಯವಾದ ಕಾರಣವೂ ಇದೆ. ಆದರೆ ಸುಲಭವಾಗಿ ಬಿಡುವ ಅಂಟನ್ನು ಬಳಸುವುದು ಅಸಾಧ್ಯವೇನೂ ಅಲ್ಲ. ಐಫೋನ್ 16ರಲ್ಲಿ ಬ್ಯಾಟರಿಯ ಅಂಟಿಗೆ 9 ವೋಲ್ಟಿನ ವಿದ್ಯುತ್ತನ್ನು ಸುಮಾರು ಒಂದೂವರೆ ನಿಮಿಷ ಹಾಯಿಸಿದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಬಯಸಿದರೆ ಹೀಗೂ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಂಡಿಲ್ಲ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ತಂತ್ರಾಂಶದ ಬೀಗ. ಪರದೆ, ಬ್ಯಾಟರಿ, ಕ್ಯಾಮೆರಾ, ಬೆರಳಚ್ಚು ಸಂವೇದಕ ಮುಂತಾದ ಬಿಡಿಭಾಗಗಳಲ್ಲಿ ಪುಟ್ಟ ಚಿಪ್ ಒಂದಿದ್ದು, ಅದರಲ್ಲಿ ಆ ಭಾಗದ ಗುರುತಿನ ಸಂಖ್ಯೆ ಇರುತ್ತದೆ. ಕಾರ್ಖಾನೆಯಲ್ಲಿ ಈ ಸಂಖ್ಯೆಯನ್ನು ಮದರ್‌ಬೋರ್ಡಿಗೆ ಜೋಡಿ ಮಾಡಿರುತ್ತಾರೆ. ಭಾಗ ಬದಲಾದಾಗ ಜೋಡಿ ತಪ್ಪುತ್ತದೆ. ಆಗ ಸಾಧನವು ಎಚ್ಚರಿಕೆಯ ಸಂದೇಶ ತೋರಿಸಬಹುದು, ಒಂದೆರಡು ಸೌಲಭ್ಯಗಳನ್ನು ನಿಲ್ಲಿಸಬಹುದು, ಇಲ್ಲವೇ ಪೂರ್ತಿ ಸ್ತಬ್ಧವಾಗಬಹುದು. 2016ರ ಹೊತ್ತಿಗೆ, ಕಂಪನಿಯ ಹೊರಗೆ ರಿಪೇರಿಯಾದ ಕೆಲವು ಐಫೋನುಗಳು ತಂತ್ರಾಂಶ ನವೀಕರಿಸಿದೊಡನೆ 'ಎರರ್ 53' ಎಂದು ತೋರಿಸಿ ನಿರುಪಯುಕ್ತವಾದವು. ಕಂಪನಿ ಕ್ಷಮೆ ಕೇಳಿ ಪರಿಹಾರದ ನವೀಕರಣವನ್ನು ಬಿಡುಗಡೆ ಮಾಡಿತಾದರೂ, ಗ್ರಾಹಕರಿಗೆ ಅವರ ಹಕ್ಕಿನ ಬಗ್ಗೆ ತಪ್ಪು ತಿಳಿವಳಿಕೆ ಕೊಟ್ಟದ್ದಕ್ಕಾಗಿ ಆಸ್ಟ್ರೇಲಿಯಾದ ನ್ಯಾಯಾಲಯ 2018ರಲ್ಲಿ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಐಫೋನ್ 13 ಬಂದಾಗಲೂ ಪರದೆ ಬದಲಿಸಿದರೆ ಮುಖ ಗುರುತಿಸುವ ಸೌಲಭ್ಯ ನಿಲ್ಲುತ್ತಿತ್ತು. ವಿರೋಧ ಬಂದ ಮೇಲೆ ಐಫೋನಿನ ಮೂಲ ತಂತ್ರಾಂಶವಾದ ಐಒಎಸ್‌ನ 15.2ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಪ್ರಿಂಟರುಗಳಲ್ಲಿಯೂ ಇದೇ ಕತೆ: 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪನಿಯ ಹಲವು ಪ್ರಿಂಟರುಗಳು ಅದುವರೆಗೆ ಚೆನ್ನಾಗಿ ನಡೆಯುತ್ತಿದ್ದ ಬೇರೆ ತಯಾರಕರ ಇಂಕ್ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸತೊಡಗಿದವು.

ಆದ್ದರಿಂದ ಮೊದಲ ಕೆಲಸವೆಂದರೆ ನಿಮ್ಮ ಸಾಧನದ ನಿಖರವಾದ ಮಾದರಿ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ ಬರೆದುಕೊಂಡು, ಆ ಮಾದರಿಯಲ್ಲಿ ನೀವು ಬದಲಿಸಬೇಕಾದ ಭಾಗಕ್ಕೆ ಇಂಥ ಜೋಡಿ ಬೀಗ ಇದೆಯೇ, ಇದ್ದರೆ ಬದಲಿಸಿದ ಮೇಲೆ ಏನು ನಿಲ್ಲುತ್ತದೆ ಎಂದು ಹುಡುಕುವುದು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಎರಡು ಮಾದರಿಗಳ ಒಳಗಿನ ಕನೆಕ್ಟರುಗಳು (ಕೇಬಲ್‌ಗಳನ್ನು ಬೋರ್ಡಿಗೆ ಸಿಕ್ಕಿಸುವ ಕೊಂಡಿಗಳು) ಬೇರೆಬೇರೆ ಇರಬಹುದು. ಹೊರಗಿನ ಹೆಸರನ್ನಷ್ಟೇ ನಂಬಬಾರದು.

ಹಂತ 2: ವಾರಂಟಿ ಮತ್ತು ಕಾನೂನು

ವಾರಂಟಿ ಇನ್ನೂ ಇದ್ದರೆ, ಮತ್ತು ದೋಷ ತಯಾರಿಕೆಯದೇ ಆಗಿದ್ದರೆ, ಸಾಧನವನ್ನು ಬಿಚ್ಚದೆ ಕಂಪನಿಗೇ ಒಪ್ಪಿಸುವುದು ಜಾಣತನ. ಆದರೆ ಸ್ಕ್ರೂ ಮೇಲೆ ಅಂಟಿಸಿರುವ 'ಕಿತ್ತರೆ ವಾರಂಟಿ ರದ್ದು' ಎಂಬ ಚೀಟಿಗೆ ಅನೇಕರು ಹೆದರುವಷ್ಟು ಬಲ ಎಲ್ಲೆಡೆಯೂ ಇಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ತನ್ನದೇ ಬಿಡಿಭಾಗ ಅಥವಾ ತನ್ನದೇ ಸೇವೆಯನ್ನು ಉಚಿತವಾಗಿ ಕೊಡದ ಹೊರತು ಅವನ್ನೇ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಈ ಕುರಿತು ಎಚ್ಚರಿಕೆಯ ಪತ್ರ ಕಳಿಸಿತ್ತು. ಅಲ್ಲಿಯೂ ನೀವು ಬಿಚ್ಚುವಾಗ ನೀವೇ ಹಾಳು ಮಾಡಿದ ಭಾಗಕ್ಕೆ ಕಂಪನಿ ಹೊಣೆಯಲ್ಲ ಎಂಬುದನ್ನು ಮರೆಯಬಾರದು.

ಬಿಡಿಭಾಗ ಮತ್ತು ಕೈಪಿಡಿ ಸಿಗುವ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಗಾಳಿ ಬದಲಾಗಿದೆ. ಫ್ರಾನ್ಸ್ 2021ರ ಜನವರಿಯಿಂದ ಮೊಬೈಲ್, ಲ್ಯಾಪ್‌ಟಾಪ್ ಮುಂತಾದ ಸಾಧನಗಳ ಮೇಲೆ ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮಿನ್ನೆಸೋಟ ರಾಜ್ಯಗಳ ರಿಪೇರಿ ಹಕ್ಕಿನ ಕಾಯಿದೆಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ; ಆರೆಗಾನ್ ರಾಜ್ಯವಂತೂ 2025ರಿಂದ ಮಾರಾಟವಾಗುವ ಸಾಧನಗಳಲ್ಲಿ ರಿಪೇರಿಗೆ ಅಡ್ಡಬರುವಂತೆ ಬಿಡಿಭಾಗಗಳನ್ನು ಜೋಡಿ ಮಾಡುವುದನ್ನೇ ನಿಷೇಧಿಸಿದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮೊಬೈಲ್ ತಯಾರಕರು ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು. ಇವೆಲ್ಲ ಆಯಾ ನೆಲದ ಕಾನೂನುಗಳಾದರೂ ಅವುಗಳಿಂದಾಗಿ ಪ್ರಕಟವಾಗುವ ಕೈಪಿಡಿಗಳು ಹಲವು ಬಾರಿ ಎಲ್ಲರಿಗೂ ಓದಲು ಸಿಗುತ್ತವೆ. ಆಪಲ್ ಮತ್ತು ಸ್ಯಾಮ್‌ಸಂಗ್ 2022ರಲ್ಲಿ ಬಳಕೆದಾರರಿಗೇ ಬಿಡಿಭಾಗ ಮಾರುವ ಯೋಜನೆಗಳನ್ನು ಆರಂಭಿಸಿದವು. ನಿಮ್ಮ ಮಾದರಿಗೆ ಕಂಪನಿಯದೇ ಕೈಪಿಡಿ ಇದ್ದರೆ ಮೊದಲು ಅದನ್ನು ಓದಿ. ಯಾವ ವಿಡಿಯೊ ಕೂಡ ಅದರಷ್ಟು ನಿಖರವಾಗಿರುವುದಿಲ್ಲ.

ಹಂತ 3: ಬಿಚ್ಚದೆಯೇ ದೋಷ ಪತ್ತೆಹಚ್ಚಿ

ಚಾರ್ಜ್ ಆಗುತ್ತಿಲ್ಲವೆಂದರೆ ಬ್ಯಾಟರಿ ತರಿಸುವ ಮುಂಚೆ ಕೇಬಲ್ ಮತ್ತು ಅಡಾಪ್ಟರ್ ಬದಲಿಸಿ ನೋಡಬೇಕು. ಆಮೇಲೆ ಸಾಧನವನ್ನು ಆಫ್ ಮಾಡಿ ಚಾರ್ಜಿಂಗ್ ಕಿಂಡಿಯೊಳಕ್ಕೆ ಟಾರ್ಚ್ ಬಿಟ್ಟು ನೋಡಬೇಕು. ಜೇಬಿನ ನೂಲಿನ ಎಳೆಗಳೂ ಧೂಳೂ ತಳದಲ್ಲಿ ಸೇರಿ, ಪ್ರತಿ ಸಲ ಪಿನ್ ಚುಚ್ಚಿದಾಗಲೂ ಒತ್ತಿಕೊಂಡು, ಬೂದು ಬಣ್ಣದ ಗಟ್ಟಿ ಹಾಳೆಯಂತಾಗಿರುತ್ತವೆ. ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡು ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸಿದರೆ ಅದು ಇಡಿಯಾಗಿ ಎದ್ದು ಬರುತ್ತದೆ. ಸೂಜಿ, ಗುಂಡುಪಿನ್ನು ಬೇಡ, ಅವು ಒಳಗಿನ ಸಂಪರ್ಕಗಳನ್ನು ಗೀರಿಬಿಡುತ್ತವೆ. 'ಚಾರ್ಜಿಂಗ್ ಕೆಟ್ಟಿದೆ' ಎಂದು ನನ್ನ ಕೈಗೆ ಬಂದ ಎಷ್ಟೋ ಮೊಬೈಲುಗಳು ಈ ಒಂದು ಕಡ್ಡಿಯಿಂದಲೇ ಸರಿಹೋಗಿವೆ.

ಬ್ಯಾಟರಿಯೇ ಸವೆದಿದೆಯೆಂದು ಹೇಳಲು ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಟರಿಯ ಆರೋಗ್ಯದ ಅಂಕ ನೋಡಬೇಕು. ಲಿಥಿಯಂ ಅಯಾನ್ ಬ್ಯಾಟರಿಗಳು ಸಾಮಾನ್ಯವಾಗಿ 500ರಿಂದ 1000 ಪೂರ್ಣ ಚಾರ್ಜ್‌ಗಳ ಹೊತ್ತಿಗೆ ಮೂಲ ಸಾಮರ್ಥ್ಯದ ಶೇ. 80ಕ್ಕೆ ಇಳಿಯುತ್ತವೆ. ಅದಕ್ಕಿಂತ ಕೆಳಗಿದ್ದರೆ ಬದಲಿಸಬಹುದು. ಸವೆದ ಬ್ಯಾಟರಿಯಿಂದ ಸಾಧನವೇ ನಿಧಾನವಾಗುವುದೂ ಉಂಟು. ಹಳೆಯ ಬ್ಯಾಟರಿಯಿರುವ ಐಫೋನುಗಳ ವೇಗವನ್ನು ತಂತ್ರಾಂಶದಿಂದ ತಗ್ಗಿಸಲಾಗುತ್ತಿದೆ ಎಂದು ಆಪಲ್ ಒಪ್ಪಿಕೊಂಡದ್ದು 2017ರ ಡಿಸೆಂಬರಿನಲ್ಲಿ. ಹಠಾತ್ತನೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಎಂಬುದು ಕಂಪನಿಯ ವಿವರಣೆ. ಬಳಕೆದಾರರಿಗೆ ಅದನ್ನು ತಿಳಿಸದಿದ್ದುದಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿತು. ಬ್ಯಾಟರಿ ಬದಲಿಸಿದರೆ ಸಾಕು ಎಂಬ ವಿಷಯ ತಿಳಿಯದೆ ಹೊಸ ಮೊಬೈಲನ್ನೇ ಕೊಂಡವರ ಬಗ್ಗೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮುಟ್ಟಬಾರದವು: ಮೈಕ್ರೊವೇವ್ ಓವನ್ನಿನ ಒಳಗಿನ, ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಎರಡು ಸಾವಿರ ವೋಲ್ಟಿನಷ್ಟು ವಿದ್ಯುತ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. ಹಳೆಯ ಗಾಜಿನ ಕೊಳವೆಯ ಟಿವಿ ಮತ್ತು ನೇರವಾಗಿ ಮನೆಯ ವಿದ್ಯುತ್ತಿಗೆ ಸಿಕ್ಕಿಸುವ ಅಡಾಪ್ಟರ್, ಪವರ್ ಸಪ್ಲೈ ಪೆಟ್ಟಿಗೆಗಳೂ ಅಷ್ಟೇ. ಇವನ್ನು ತರಬೇತಿಯಿಲ್ಲದೆ ಬಿಚ್ಚಬೇಡಿ.

ಹಂತ 4: ಬಿಡಿಭಾಗ ಮತ್ತು ಸಲಕರಣೆ

ಬಿಡಿಭಾಗಗಳಲ್ಲಿ ಕಂಪನಿಯದೇ ಹೊಸ ಭಾಗ, ಇನ್ನೊಂದು ಸಾಧನದಿಂದ ಬಿಚ್ಚಿದ ಅಸಲಿ ಭಾಗ, ಬೇರೆ ತಯಾರಕರು ಮಾಡಿದ ಭಾಗ ಎಂದು ಮೂರು ತರ. ಜೋಡಿ ಬೀಗವಿರುವ ಸಾಧನದಲ್ಲಿ ಅಸಲಿಯಾದ ಹಳೆಯ ಭಾಗವೂ ಎಚ್ಚರಿಕೆಯ ಸಂದೇಶ ತರಬಹುದು, ಏಕೆಂದರೆ ಯಂತ್ರ ನೋಡುವುದು ಗುಣಮಟ್ಟವನ್ನಲ್ಲ, ಸಂಖ್ಯೆಯನ್ನು. ಬ್ಯಾಟರಿಯ ವಿಷಯದಲ್ಲಿ ಮಾತ್ರ ಅಗ್ಗದ ಮಾಲಿಗೆ ಕೈಚಾಚಬೇಡಿ. ಮೂಲ ಬ್ಯಾಟರಿಯ ಮೇಲೆ ಮುದ್ರಿಸಿದ ವೋಲ್ಟೇಜ್ ಮತ್ತು ಮಿಲಿಆಂಪ್-ಅವರ್ (mAh, ಅಂದರೆ ಸಾಮರ್ಥ್ಯ) ಅಂಕಗಳಿಗೆ ಹೊಸದರ ಅಂಕಗಳನ್ನು ಹೋಲಿಸಿ. ಅದೇ ಗಾತ್ರದಲ್ಲಿ ಒಂದೂವರೆ ಪಟ್ಟು ಸಾಮರ್ಥ್ಯವಿದೆಯೆಂದು ಬರೆದಿದ್ದರೆ ಅದು ಸುಳ್ಳು.

ಸಲಕರಣೆಗಳಲ್ಲಿ ಸಣ್ಣ ಫಿಲಿಪ್ಸ್, ಟಾರ್ಕ್ಸ್, ಪೆಂಟಾಲೋಬ್, ಮೂರು ರೆಕ್ಕೆಯ ಬಿಟ್‌ಗಳಿರುವ ಸೆಟ್, ಪ್ಲಾಸ್ಟಿಕ್ಕಿನ ಮೀಟುಗೋಲು, ಗಿಟಾರ್ ಬಾರಿಸುವ ಬಿಲ್ಲೆಯಂಥ ತೆಳುವಾದ ಪ್ಲಾಸ್ಟಿಕ್ ಚೂರುಗಳು, ಹೀರುಗುಂಡಿ, ಚಿಮುಟ, ಹೇರ್ ಡ್ರೈಯರ್, ಶೇ. 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್, ಆ ಮಾದರಿಗೆಂದೇ ಕತ್ತರಿಸಿದ ಹೊಸ ಅಂಟುಪಟ್ಟಿ, ಇಷ್ಟು ಸಾಕು. ಒಂದು ಡಬ್ಬಿಯಲ್ಲಿ ಒಣಗಿದ ಮರಳನ್ನು ಮೇಜಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಬ್ಯಾಟರಿ ಹೊಗೆಯಾಡಿದರೆ ಅದರೊಳಗೆ ಹಾಕಿ, ಹೊಗೆ ಕುಡಿಯದೆ ಹೊರಗೆ ಬಂದುಬಿಡಬೇಕು.

ಹಂತ 5: ಬಿಚ್ಚುವ ಹಿಂದಿನ ಗಂಟೆ

ಮಾಹಿತಿಯನ್ನೆಲ್ಲ ಬ್ಯಾಕಪ್ ಮಾಡಿ. ಕಳ್ಳತನದ ವಿರುದ್ಧ ಖಾತೆಗೆ ಹಾಕಿದ ಬೀಗದ ಪಾಸ್‌ವರ್ಡ್ ನಿಮಗೆ ನೆನಪಿದೆಯೇ ಎಂದು ಪರೀಕ್ಷಿಸಿ, ಬಿಡಿಭಾಗ ಬದಲಾದ ಮೇಲೆ ಯಂತ್ರ ಅದನ್ನು ಕೇಳಬಹುದು. ಬ್ಯಾಟರಿಯನ್ನು ಶೇ. 25ಕ್ಕಿಂತ ಕೆಳಗೆ ಇಳಿಸಿ. ಕೈತಪ್ಪಿ ತೂತಾದರೂ ಕಡಿಮೆ ಚಾರ್ಜ್ ಇರುವ ಬ್ಯಾಟರಿ ಹೊತ್ತಿಕೊಳ್ಳುವ ಸಂಭವ ಕಡಿಮೆ. ಆಮೇಲೆ ಪೂರ್ತಿ ಆಫ್ ಮಾಡಿ.

ಈಗ ಒಂದು ಬಿಳಿ ಹಾಳೆಯ ಮೇಲೆ ಸಾಧನದ ಆಕಾರವನ್ನು ದೊಡ್ಡದಾಗಿ ಬರೆದುಕೊಂಡು, ಎರಡು ಬದಿ ಅಂಟುವ ಟೇಪನ್ನು ಅದರ ಮೇಲೆ ಅಂಟಿಸಿ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದು ಬಂದ ಜಾಗದಲ್ಲಿಯೇ ಚಿತ್ರದ ಮೇಲೆ ನಿಲ್ಲಿಸಬೇಕು. ಇದು ಅತಿಯಾದ ಶಿಸ್ತು ಎನಿಸಬಹುದು. ನನ್ನ ಎರಡನೆಯದೋ ಮೂರನೆಯದೋ ರಿಪೇರಿಯಲ್ಲಿ ಸ್ಕ್ರೂಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಹಾಕಿದ್ದೆ. ಮರಳಿ ಜೋಡಿಸುವಾಗ ಪರದೆಯ ಕನೆಕ್ಟರಿನ ಮೇಲಿನ ತಗಡಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ ಉದ್ದ ಹೆಚ್ಚಿದ್ದ ಸ್ಕ್ರೂ ಹಾಕಿ ಬಿಗಿ ಮಾಡಿದೆ. ಕೊನೆಯ ಅರ್ಧ ಸುತ್ತಿನಲ್ಲಿ ಕೈಗೆ ಸ್ವಲ್ಪ ಹೆಚ್ಚಿನ ಬಿಗಿ ತಾಕಿತು. ಅಷ್ಟರಲ್ಲಿ ಅದರ ಮೊನೆ ಬೋರ್ಡಿನ ಪದರವನ್ನು ಸೀಳಿ ಒಳಗಿನ ತಾಮ್ರದ ದಾರಿಗಳನ್ನು ಕತ್ತರಿಸಿತ್ತು. ಮೊಬೈಲು ಮತ್ತೆ ಏಳಲೇ ಇಲ್ಲ. ತಮ್ಮನ ಮೊಬೈಲು ಅದು, ಅವನು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಈ ಹಾಳೆಯಿಲ್ಲದೆ ನಾನು ಒಂದು ಸ್ಕ್ರೂವನ್ನೂ ಬಿಚ್ಚಿಲ್ಲ.

ಸ್ಥಿರ ವಿದ್ಯುತ್ತಿನ ಬಗ್ಗೆಯೂ ಎಚ್ಚರ ಬೇಕು. ನಮ್ಮ ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು ಮೂರು ಸಾವಿರ ವೋಲ್ಟ್ ಇರಬೇಕು. ಕೆಲವು ಚಿಪ್‌ಗಳು ನೂರು ವೋಲ್ಟಿಗೂ ಹಾಳಾಗುತ್ತವೆ, ಅಂದರೆ ನಮಗೆ ಗೊತ್ತೇ ಆಗದಂತೆ. ಉಣ್ಣೆ ಮತ್ತು ಪಾಲಿಯೆಸ್ಟರ್ ಬಟ್ಟೆ ಬಿಟ್ಟು ಹತ್ತಿಯದನ್ನು ತೊಟ್ಟುಕೊಳ್ಳಿ, ಸಾಧ್ಯವಾದರೆ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ.

ಹಂತ 6: ತೆರೆಯುವುದು

ಮೊದಲು ತಳದ ಸ್ಕ್ರೂಗಳು. ಬಿಟ್ ಸರಿಯಾಗಿ ಕೂತಿದೆಯೆಂದು ಖಚಿತವಾದ ಮೇಲಷ್ಟೇ, ಕೆಳಕ್ಕೆ ಒತ್ತಿ ಹಿಡಿದು ತಿರುಗಿಸಿ. ತಲೆ ಸವೆದ ಸ್ಕ್ರೂವಿಗಿಂತ ದೊಡ್ಡ ಕಾಟ ಬೇರೆ ಇಲ್ಲ. ಆಮೇಲೆ ಅಂಚಿನ ಉದ್ದಕ್ಕೂ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಆಡಿಸುತ್ತ ಎರಡು ಮೂರು ನಿಮಿಷ ಕಾಯಿಸಿ. ಕೈಗೆ ಚೆನ್ನಾಗಿ ಬಿಸಿ ತಾಗಬೇಕು, ಆದರೆ ಮುಟ್ಟಿ ಹಿಡಿಯಲಾರದಷ್ಟು ಆಗಬಾರದು. ಹೀರುಗುಂಡಿಯನ್ನು ಅಂಚಿನ ಹತ್ತಿರ ಅಂಟಿಸಿ ಒಂದೇ ಸಮನೆ ಎಳೆಯುತ್ತಿರಿ, ಜಗ್ಗಬೇಡಿ. ಕೂದಲೆಳೆಯಷ್ಟು ಸಂದು ಕಂಡಕೂಡಲೆ ಪ್ಲಾಸ್ಟಿಕ್ ಚೂರನ್ನು ಒಳಕ್ಕೆ ಜಾರಿಸಿ. ಆ ಸಂದಿನಲ್ಲಿ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಅಂಟು ಇನ್ನಷ್ಟು ಸಡಿಲವಾಗುತ್ತದೆ. ಚೂರನ್ನು ಮೂರು ಮಿಲಿಮೀಟರಿಗಿಂತ ಒಳಗೆ ತೂರಿಸದೆ ಸುತ್ತಲೂ ಎಳೆಯಿರಿ. ಹೆಚ್ಚು ಒಳಹೋದರೆ ಪಟ್ಟಿ ಕೇಬಲ್ ತುಂಡಾಗುತ್ತದೆ.

ಅಂಟು ಬಿಟ್ಟ ಮೇಲೆ ಮುಚ್ಚಳವನ್ನು ಪೂರ್ತಿ ಎತ್ತಬೇಡಿ. ಪುಸ್ತಕದ ಪುಟ ತೆರೆದಂತೆ ಒಂದು ಬದಿಗೆ ಎತ್ತಿ ಕೇಬಲ್ ಎಲ್ಲಿದೆಯೆಂದು ನೋಡಬೇಕು. ಬೇರೆ ಯಾವುದನ್ನು ಮುಟ್ಟುವ ಮುನ್ನವೂ ಬ್ಯಾಟರಿಯ ಕನೆಕ್ಟರನ್ನು ಪ್ಲಾಸ್ಟಿಕ್ ಮೀಟುಗೋಲಿನಿಂದ ನೇರ ಮೇಲಕ್ಕೆ ಎಬ್ಬಿಸಿ ಬಿಡಿಸುವುದು ಈ ಇಡೀ ಮಾರ್ಗದರ್ಶಿಯಲ್ಲಿ ತಪ್ಪಲೇಬಾರದ ಕ್ರಮ.

ಹಂತ 7: ಬ್ಯಾಟರಿ ತೆಗೆಯುವುದು

ಬ್ಯಾಟರಿಯ ಕೆಳಗೆ ಎಳೆದು ತೆಗೆಯುವ ಅಂಟುಪಟ್ಟಿಗಳಿದ್ದರೆ ಅವುಗಳ ಬಾಲವನ್ನು ಹಿಡಿದು, ಮೇಲಕ್ಕಲ್ಲ, ಬಹುತೇಕ ಸಮತಟ್ಟಾಗಿ, ಬಹಳ ನಿಧಾನವಾಗಿ ಎಳೆಯಬೇಕು. ಪಟ್ಟಿ ರಬ್ಬರಿನಂತೆ ಹಿಗ್ಗುತ್ತ ತೆಳ್ಳಗಾಗುತ್ತ ಹೊರಬರುತ್ತದೆ. ಅವಸರ ಮಾಡಿದರೆ ನಡುವೆ ತುಂಡಾಗುತ್ತದೆ. ತುಂಡಾದರೆ ಅಂಚಿನಿಂದ ನಾಲ್ಕೈದು ಹನಿ ಆಲ್ಕೋಹಾಲ್ ಇಳಿಸಿ, ಸಾಧನವನ್ನು ಓರೆಯಾಗಿಟ್ಟು ಐದು ನಿಮಿಷ ಕಾದು, ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಬಿಡಿಸಿ. ಲೋಹದ ಸಲಕರಣೆ ಬೇಡವೇ ಬೇಡ. ಬ್ಯಾಟರಿಯನ್ನು ಬಾಗಿಸಬೇಡಿ, ಚುಚ್ಚಬೇಡಿ. ಈಗಾಗಲೇ ಉಬ್ಬಿದ ಬ್ಯಾಟರಿಯಾದರೆ ಅದಕ್ಕೆ ಬಿಸಿ ತಾಗಿಸಬೇಡಿ. ಅದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ ಅನುಭವಿಗಳಿಗೆ ಒಪ್ಪಿಸುವುದು ಸರಿ.

ಹಂತ 8: ಹಳೆಯ ಭಾಗದಿಂದ ಹೊಸದಕ್ಕೆ

ಪರದೆ ಬದಲಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಳೆಯ ಪರದೆಗೆ ಅಂಟಿಕೊಂಡೇ ಕಿವಿಯ ಸ್ಪೀಕರ್, ಬೆಳಕಿನ ಸಂವೇದಕ, ಕೆಲವು ಮಾದರಿಗಳಲ್ಲಿ ಬೆರಳಚ್ಚಿನ ಗುಂಡಿ ಇರುತ್ತವೆ. ಬೆರಳಚ್ಚಿನ ಗುಂಡಿ ಮತ್ತು ಮುಖ ಗುರುತಿಸುವ ಭಾಗಗಳು ಮದರ್‌ಬೋರ್ಡಿಗೆ ಭದ್ರತೆಯ ಕಾರಣಕ್ಕಾಗಿಯೇ ಜೋಡಿಯಾಗಿರುವುದರಿಂದ ಮೂಲದ್ದನ್ನೇ ಹೊಸ ಪರದೆಗೆ ವರ್ಗಾಯಿಸಬೇಕು. ಅದರ ಕೂದಲಿನಂಥ ಪಟ್ಟಿ ಕೇಬಲ್ ಹರಿದರೆ ಹೊರಗೆ ಎಷ್ಟು ಹುಡುಕಿದರೂ ಬದಲಿ ಸಿಗದು. ಭದ್ರತೆಗಾಗಿ ಇಟ್ಟ ಇಂಥ ಬೀಗವನ್ನು ನಾನು ಒಪ್ಪುತ್ತೇನೆ. ಬ್ಯಾಟರಿಗೂ ಅದನ್ನೇ ಹಾಕುವುದಕ್ಕೆ ಒಪ್ಪುವಂಥ ಕಾರಣ ನನಗೆ ಕಂಡಿಲ್ಲ.

ಹೊಸ ಭಾಗವನ್ನು ಜೋಡಿಸಿ, ಮುಚ್ಚುವ ಮುಂಚೆ, ಕೊನೆಯದಾಗಿ ಬ್ಯಾಟರಿ ಕನೆಕ್ಟರ್ ಕೂರಿಸಿ ಆನ್ ಮಾಡಿ. ಪರದೆಯ ಮೂಲೆಮೂಲೆಯಲ್ಲೂ ಬೆರಳು ಆಡಿಸಿ ನೋಡಿ, ಎರಡೂ ಕ್ಯಾಮೆರಾ, ಸ್ಪೀಕರ್, ಮೈಕ್, ಚಾರ್ಜಿಂಗ್, ಕರೆಯ ವೇಳೆ ಪರದೆ ಆರುವುದು ಎಲ್ಲವನ್ನೂ ಪರೀಕ್ಷಿಸಿ. ಏನಾದರೂ ಕೆಲಸ ಮಾಡದಿದ್ದರೆ ಹತ್ತರಲ್ಲಿ ಎಂಟು ಬಾರಿ ಯಾವುದೋ ಕನೆಕ್ಟರ್ ಸರಿಯಾಗಿ ಕೂತಿರುವುದಿಲ್ಲ; ಬ್ಯಾಟರಿ ಬಿಡಿಸಿ, ಕನೆಕ್ಟರನ್ನು ತೆಗೆದು ಮತ್ತೆ ಒತ್ತಿ ನೋಡಿ. ಎಲ್ಲವೂ ಸರಿಯೆಂದಾದ ಮೇಲಷ್ಟೇ ಹಳೆಯ ಅಂಟನ್ನು ಆಲ್ಕೋಹಾಲಿನಿಂದ ಒರೆಸಿ, ಹೊಸ ಅಂಟುಪಟ್ಟಿ ಹಾಕಿ ಮುಚ್ಚಿ, ಮೇಲೆ ಒಂದೆರಡು ಪುಸ್ತಕಗಳ ಭಾರವಿಟ್ಟು ಅರ್ಧ ಗಂಟೆ ಬಿಡಿ. ಒಮ್ಮೆ ತೆರೆದ ಸಾಧನ ಮೊದಲಿನಷ್ಟು ನೀರು ತಡೆಯುತ್ತದೆಂದು ನಂಬಬೇಡಿ.

ಹಂತ 9: ಸಂದೇಶ ಬಂದರೆ

ಭಾಗವನ್ನು ಗುರುತಿಸಲಾಗುತ್ತಿಲ್ಲವೆಂಬ ಸಂದೇಶ ಬಂದರೆ ಗಾಬರಿ ಬೇಡ. ಅದು ಬರೀ ತಿಳಿವಳಿಕೆಯೋ, ಯಾವುದಾದರೂ ಸೌಲಭ್ಯ ನಿಂತಿದೆಯೋ ನೋಡಿ. ಐಒಎಸ್ 18ರಿಂದೀಚೆಗೆ ಕೆಲವು ಐಫೋನ್ ಮಾದರಿಗಳಲ್ಲಿ ಅಸಲಿ ಭಾಗವನ್ನು, ಅದು ಬಳಸಿದ್ದೇ ಆಗಿದ್ದರೂ, ಸೆಟ್ಟಿಂಗ್ಸ್‌ನಿಂದಲೇ ಜೋಡಿ ಮಾಡಿಕೊಳ್ಳಬಹುದು. ಬೇರೆ ತಯಾರಕರ ಬ್ಯಾಟರಿಯಾದರೆ ಆರೋಗ್ಯದ ಅಂಕ ಕಾಣಿಸದೆ ಹೋಗಬಹುದು, ಬ್ಯಾಟರಿ ಮಾತ್ರ ತನ್ನ ಕೆಲಸ ಮಾಡುತ್ತಿರುತ್ತದೆ. ಪ್ರಿಂಟರಾದರೆ ತಾನಾಗಿ ನವೀಕರಣಗೊಳ್ಳುವ ಆಯ್ಕೆ ಇದೆಯೇ ನೋಡಿ, ಅದನ್ನು ಆಫ್ ಮಾಡುವುದರಿಂದ ಬರಲಿರುವ ತಡೆಯನ್ನು ತಪ್ಪಿಸಬಹುದು, ಆದರೆ ಭದ್ರತೆಯ ತಿದ್ದುಪಡಿಗಳೂ ಅದರೊಂದಿಗೆ ನಿಲ್ಲುತ್ತವೆ.

ಬೀಗವನ್ನೇ ಮುರಿಯುವ ತಂತ್ರಾಂಶಗಳ ವಿಷಯ ಬೇರೆ. ಅಮೆರಿಕದಲ್ಲಿ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆ ಇಂಥ ಬೀಗ ಒಡೆಯುವುದನ್ನು ನಿಷೇಧಿಸುತ್ತದೆ. ಮೂರು ವರ್ಷಕ್ಕೊಮ್ಮೆ ಕೊಡುವ ವಿನಾಯಿತಿಗಳಲ್ಲಿ ಮೊಬೈಲ್ ರಿಪೇರಿಗೆ 2018ರಲ್ಲಿ ಅವಕಾಶ ಸಿಕ್ಕಿತು. ನಿಮ್ಮ ದೇಶದ ನಿಯಮ ತಿಳಿದುಕೊಂಡು ಮುಂದುವರಿಯಿರಿ. ಅಪರಿಚಿತರು ಕೊಟ್ಟ ಇಂಥ ತಂತ್ರಾಂಶವನ್ನು ನಿಮ್ಮ ಬ್ಯಾಂಕ್ ವ್ಯವಹಾರವೆಲ್ಲ ಇರುವ ಮೊಬೈಲಿಗೆ ಹಾಕುವುದನ್ನಂತೂ ನಾನು ಒಪ್ಪಲಾರೆ.

ಹೊಸ ಬ್ಯಾಟರಿಯನ್ನು ಮೊದಲ ಸಲ ಶೇ. 100ರವರೆಗೆ ಚಾರ್ಜ್ ಮಾಡಿ, ತಾನಾಗಿ ಆಫ್ ಆಗುವವರೆಗೆ ಬಳಸಿ, ಮತ್ತೆ ಪೂರ್ತಿ ಚಾರ್ಜ್ ಮಾಡಿದರೆ ಅಂಕ ಸರಿಯಾಗಿ ತೋರಿಸುತ್ತದೆ. ಆ ಮೊದಲ ಚಾರ್ಜಿನ ಹೊತ್ತು ಸಾಧನದ ಪಕ್ಕದಲ್ಲೇ ಇದ್ದು ಆಗಾಗ ಮುಟ್ಟಿ ನೋಡುತ್ತಿರಿ, ವಿಪರೀತ ಬಿಸಿಯಾದರೆ ಕೂಡಲೇ ಚಾರ್ಜರ್ ತೆಗೆಯಿರಿ. ಹಳೆಯ ಬ್ಯಾಟರಿಯ ಕನೆಕ್ಟರಿನ ಮೇಲೆ ಟೇಪ್ ಸುತ್ತಿ, ಕಸದ ಬುಟ್ಟಿಗೆ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ. ಬಿಚ್ಚಿದ ಉಳಿದ ಭಾಗಗಳನ್ನು ಮಾತ್ರ ಒಂದು ತಿಂಗಳಾದರೂ ಇಟ್ಟುಕೊಂಡಿರಿ. ಒಡೆದ ಪರದೆಯ ಹಿಂದೆ ಉಳಿದುಹೋದ ಪುಟ್ಟ ಜಾಲರಿಯೋ ರಬ್ಬರಿನ ಉಂಗುರವೋ ಬೇಕೆಂದು ಗೊತ್ತಾಗುವುದು ಬಹುಪಾಲು ಮೊದಲ ಕರೆ ಬಂದ ಮೇಲೆಯೇ.